ಒಂದೇ ಕಾನ್ಸರ್ಟೊ, ಎರಡು ಶ್ರುತಿ: ಯಾವ ರೆಕಾರ್ಡ್ ಸರಿ?

ಪ್ರಶ್ನೆ: ನಾನು ಮೈಸೂರಿನವಳು, ಸುಮಾರು ವರ್ಷ ವೀಣೆ ಕಲಿತಿದ್ದೇನೆ. ನಮ್ಮ ತಂದೆಯವರ ಎಲ್‌ಪಿಗಳಲ್ಲಿ ಜರ್ಮನ್ ಸಂಗೀತಗಾರ ಬಾಖ್‌ನ ಡಿ ಮೈನರ್ ಕೀಬೋರ್ಡ್ ಕಾನ್ಸರ್ಟೊದ (ಒಂದು ವಾದ್ಯ ಮುಂದಿದ್ದು ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ) ಎರಡು ರೆಕಾರ್ಡ್ ಸಿಕ್ಕಿವೆ. ಒಂದರಲ್ಲಿ ಗ್ಲೆನ್ ಗೂಲ್ಡ್ ಪಿಯಾನೊ ನುಡಿಸಿದ್ದಾರೆ, ಲೆನರ್ಡ್ ಬರ್ನ್‌ಸ್ಟೈನ್ ಆರ್ಕೆಸ್ಟ್ರಾ ನಡೆಸಿದ್ದಾರೆ. ಇನ್ನೊಂದು ಟ್ರೆವರ್ ಪಿನಾಕ್ ಅವರದು, ಪಿಯಾನೊಗಿಂತ ಹಳೆಯ ಕೀಬೋರ್ಡ್ ವಾದ್ಯ ಹಾರ್ಪ್ಸಿಕಾರ್ಡ್, ಜೊತೆಗೆ ಇಂಗ್ಲಿಷ್ ಕನ್ಸರ್ಟ್ ತಂಡ. ಮೊದಲನೆಯದು ಎರಡು ಮನೆ ಶ್ರುತಿಗೆ, ಅಂದರೆ ಡಿ ಸ್ವರಕ್ಕೆ, ಸರಿಯಾಗಿ ಕೂರುತ್ತದೆ. ಎರಡನೆಯದು ಒಂದೂವರೆ ಮನೆಗೆ ಇಳಿದಿದೆ. ಆದರೆ ಎರಡರ ಮೇಲೂ ಕೀ, ಅಂದರೆ ಕೃತಿಯ ಆಧಾರ ಸ್ವರ ಮತ್ತು ಸ್ವರಗುಂಪು, ಡಿ ಮೈನರ್ ಅಂತಲೇ ಇದೆ. ಟರ್ನ್‌ಟೇಬಲ್ ನಿಧಾನವಾಗಿದೆ, ಮೋಟರ್ ಬದಲಿಸಬೇಕು ಎಂದು ರಿಪೇರಿಯವರು ಹೇಳಿದರು. ಆದರೆ ನನಗೆ ಎರಡನೆಯದೇ ಚುರುಕಾಗಿ, ಹಗುರವಾಗಿ ಕೇಳಿಸುತ್ತದೆ. ಮಗಳಿಗೆ 14 ವರ್ಷ. ಈ ಕಾನ್ಸರ್ಟೊದ ಮೊದಲ ಭಾಗವನ್ನು ವಾರ್ಷಿಕ ಕಾರ್ಯಕ್ರಮಕ್ಕೆ ಕಲಿಯುತ್ತಿದ್ದಾಳೆ. ಡಿ ಮೈನರ್ ದುಃಖದ ಕೀ, ನಿಧಾನ ನುಡಿಸು ಅಂತಾರೆ ಅವಳ ಟೀಚರ್. ನಮ್ಮ ನೆಂಟರೊಬ್ಬರು, ಹಳೆಯ ಸಂಗೀತವೆಲ್ಲ 432 ಹರ್ಟ್ಸ್‌ನಲ್ಲಿತ್ತು, ಪಿಯಾನೊವನ್ನು ಇಳಿಸಿ ಶ್ರುತಿ ಮಾಡಿಸಿ ಅಂತಾರೆ. ಯಾರ ಮಾತು ಕೇಳಲಿ? ಯಾವ ರೆಕಾರ್ಡ್ ಸರಿ?

ಉತ್ತರ: ಅರ್ಧ ಮನೆ ವ್ಯತ್ಯಾಸವನ್ನು ಯಾವ ಯಂತ್ರದ ಸಹಾಯವೂ ಇಲ್ಲದೆ ಹಿಡಿದಿದ್ದೀರಿ. ನಿಮ್ಮ ಕಿವಿಯನ್ನು ನಂಬಿ. ನೀವು ಕೇಳಿಸಿಕೊಂಡದ್ದೆಲ್ಲ ನಿಜ. ಎರಡು ರೆಕಾರ್ಡುಗಳಿಗೂ ಏನೂ ಆಗಿಲ್ಲ, ಎರಡೂ ಡಿ ಮೈನರ್ ಕೃತಿಯೇ.

ನಾನು ಪಿಯಾನೊ ಕಲಿಸುತ್ತೇನೆ, ಪಿಯಾನೊಗಳಿಗೆ ಶ್ರುತಿಯನ್ನೂ ಮಾಡುತ್ತೇನೆ. ನಿಮ್ಮ ಪ್ರಶ್ನೆಯಂಥದ್ದು ವರ್ಷಕ್ಕೆ ನಾಲ್ಕೈದು ಸಲವಾದರೂ ನನ್ನ ಹತ್ತಿರ ಬರುತ್ತದೆ. ಹೆಚ್ಚಾಗಿ ಕೇಳುವವರು ಕರ್ನಾಟಕ ಸಂಗೀತ ಗೊತ್ತಿರುವ ತಂದೆ ತಾಯಿಯರೇ. ಶ್ರುತಿ, ಕೀ, ಕಾಲಪ್ರಮಾಣ, ಭಾವ, ಈ ನಾಲ್ಕೂ ಒಂದಕ್ಕೊಂದು ಗಂಟು ಬಿದ್ದಿರುತ್ತವೆ. ಒಂದೊಂದಾಗಿ ಬಿಡಿಸೋಣ.

ಮೊದಲು ಟರ್ನ್‌ಟೇಬಲ್. ತಟ್ಟೆ ನಿಧಾನ ತಿರುಗಿದರೆ ಶ್ರುತಿ ಇಳಿಯುವುದು ನಿಜ. ಆದರೆ ಶ್ರುತಿ ಇಳಿದ ಹಾಗೆ ವೇಗವೂ ಇಳಿಯಲೇಬೇಕು. ಒಂದು ಇಳಿದು ಇನ್ನೊಂದು ಏರುವುದು ಎಲ್‌ಪಿಯಲ್ಲಿ ಸಾಧ್ಯವೇ ಇಲ್ಲ. ಎರಡು ಮನೆಯಿಂದ ಒಂದೂವರೆ ಮನೆಗೆ ಬರಬೇಕಾದರೆ ತಟ್ಟೆ ನೂರಕ್ಕೆ ಆರರಷ್ಟು ನಿಧಾನವಾಗಬೇಕು. ಅಷ್ಟು ನಿಧಾನವಾದರೆ ಸಂಗೀತ ಎಳೆದಂತೆ ಕೇಳಿಸುತ್ತದೆ, ಚುರುಕಾಗಿ ಅಲ್ಲ. ಇನ್ನೂ ದೊಡ್ಡ ಸಾಕ್ಷಿ ನಿಮ್ಮ ಕೈಯಲ್ಲೇ ಇದೆ. ಅದೇ ಯಂತ್ರದ ಮೇಲೆ ಗೂಲ್ಡ್ ರೆಕಾರ್ಡ್ ಸರಿಯಾಗಿ ಎರಡು ಮನೆಗೆ ಕೂತಿದೆಯಲ್ಲ!

ಆದರೂ ಸಮಾಧಾನಕ್ಕೆ ಒಂದು ಪರೀಕ್ಷೆ ಮಾಡಿ. ಬೇಡದ ಒಂದು ರೆಕಾರ್ಡಿನ ಅಂಚಿಗೆ ಸಣ್ಣ ಬಿಳಿ ಕಾಗದ ಅಂಟಿಸಿ ತಿರುಗಲು ಬಿಡಿ. ಎಲ್‌ಪಿ ನಿಮಿಷಕ್ಕೆ ಮೂವತ್ತಮೂರೂ ಮೂರರಲ್ಲೊಂದು ಸುತ್ತು ತಿರುಗಬೇಕು. ಅಂದರೆ 3 ನಿಮಿಷಕ್ಕೆ ಸರಿಯಾಗಿ 100 ಸುತ್ತು. ಗಡಿಯಾರ ಮುಂದಿಟ್ಟುಕೊಂಡು ಎಣಿಸಿ. 99, 100, 101ರೊಳಗೆ ಬಂದರೆ ಮೋಟರಿಗೆ ಕೈ ಹಾಕಿಸಬೇಡಿ. 94 ಬಂದರೆ ರಿಪೇರಿಯವರ ಮಾತು ಸರಿ. ಹಾಗೆ ಬರಲಾರದು ಎಂದು ನನಗೆ ಖಾತ್ರಿ ಇದೆ.

ಹಾಗಾದರೆ ಪಿನಾಕ್ ರೆಕಾರ್ಡ್ ಏಕೆ ಇಳಿದಿದೆ? ಅವರು ಬೇಕೆಂದೇ ಇಳಿಸಿ ನುಡಿಸಿದ್ದಾರೆ.

ಇಂದಿನ ಪಿಯಾನೊದಲ್ಲಿ ನಡುವಿನ ಸಿ ಮನೆಯ ಮೇಲಿರುವ ಎ ಸ್ವರ ಸೆಕೆಂಡಿಗೆ 440 ಸಲ ಕಂಪಿಸುತ್ತದೆ. ಇದು ಎಲ್ಲರೂ ಒಪ್ಪಿಕೊಂಡ ಅಳತೆಯಾದದ್ದು 1939ರಲ್ಲಿ ಲಂಡನ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಸಭೆಯ ನಂತರ. ಬಾಖ್ ತೀರಿಕೊಂಡದ್ದು 1750ರಲ್ಲಿ. ಅವನ ಕಾಲದಲ್ಲಿ ಊರಿಗೊಂದು ಶ್ರುತಿ ಇತ್ತು. ಒಂದೇ ಊರಿನಲ್ಲೂ ಚರ್ಚಿನ ಆರ್ಗನ್‌ಗೆ ಒಂದು, ಉಳಿದ ವಾದ್ಯಗಳಿಗೆ ಇನ್ನೊಂದು. ಅವನು ಕೆಲಸ ಮಾಡಿದ ಲೈಪ್‌ಜಿಗ್‌ನಲ್ಲಿ ಆರ್ಗನ್‌ನ ಶ್ರುತಿ ಪಿಟೀಲು, ಕೊಳಲುಗಳ ಶ್ರುತಿಗಿಂತ ಒಂದು ಪೂರ್ಣ ಸ್ವರ ಮೇಲಿತ್ತು. ಹಾಗಾಗಿ ಬಾಖ್ ಆರ್ಗನ್ ನುಡಿಸುವವರಿಗೆ ಒಂದು ಸ್ವರ ಇಳಿಸಿದ ಹಾಳೆಯನ್ನು ಬೇರೆಯಾಗಿಯೇ ಮಾಡಿಸಬೇಕಿತ್ತು. ಅಂಥ ಹಾಳೆಗಳು ಇವತ್ತಿಗೂ ಉಳಿದಿವೆ. ಆ ಕಾಲದ ಕೊಳಲುಗಳು, ಆರ್ಗನ್‌ನ ಕೊಳವೆಗಳು ಕೂಡ ಉಳಿದಿವೆ. ತಂತಿಯನ್ನು ಬಿಗಿ ಮಾಡಬಹುದು, ಸಡಿಲ ಮಾಡಬಹುದು. ಕೊಳಲಿನ ಉದ್ದವನ್ನು ಸುಮ್ನೆ ಬದಲಿಸಲು ಆಗುವುದಿಲ್ಲ ಅಲ್ವಾ? ಅವುಗಳಿಂದಲೇ ಹಳೆಯ ಶ್ರುತಿಗಳ ಅಂದಾಜು ನಮಗೆ ಸಿಕ್ಕಿದ್ದು.

20ನೇ ಶತಮಾನದಲ್ಲಿ ಹಳೆಯ ವಾದ್ಯಗಳನ್ನು ಮತ್ತೆ ನುಡಿಸಲು ಹೊರಟವರು ಒಂದು ಅನುಕೂಲದ ಅಳತೆಯನ್ನು ಹಿಡಿದರು. ಅದು 415. ಬಾಖ್‌ನ ಕಾಲದ ಜರ್ಮನಿಯಲ್ಲಿ ಚರ್ಚಿನ ಹೊರಗೆ ನಡೆಯುತ್ತಿದ್ದ ಶ್ರುತಿಗೆ ಅದು ಹತ್ತಿರ. ಜೊತೆಗೆ ಅದು 440ಕ್ಕಿಂತ ಸರಿಯಾಗಿ ಅರ್ಧ ಮನೆ ಕೆಳಗೆ. ಈ ಎರಡನೆಯ ಕಾರಣವೇ ವಾದ್ಯಗಾರರಿಗೆ ಜಾಸ್ತಿ ಉಪಯೋಗಕ್ಕೆ ಬಂತು. ಈಚೆಗೆ ಮಾಡಿದ ಬಹಳಷ್ಟು ಹಾರ್ಪ್ಸಿಕಾರ್ಡ್‌ಗಳಲ್ಲಿ ಮನೆಗಳ ಸಾಲಿನ ಪಕ್ಕ ಒಂದು ಮರದ ತುಂಡು ಇರುತ್ತದೆ. ಅದನ್ನು ತೆಗೆದು, ಇಡೀ ಸಾಲನ್ನು ಎರಡೂ ಕೈಯಿಂದ ಹಿಡಿದು ಪಕ್ಕಕ್ಕೆ ಮೆಲ್ಲಗೆ ಸರಿಸುತ್ತಾರೆ. ಪ್ರತಿ ಮನೆಯೂ ತನ್ನ ತಂತಿ ಬಿಟ್ಟು ಪಕ್ಕದ ತಂತಿಯ ಕೆಳಗೆ ಬಂದು ಕೂರುತ್ತದೆ. ಮರದ ತುಂಡನ್ನು ಆಚೆ ಬದಿಯಲ್ಲಿ ಸಿಕ್ಕಿಸಿದರೆ ಮುಗಿಯಿತು. ಅರ್ಧ ನಿಮಿಷದಲ್ಲಿ ವಾದ್ಯ 415ರಿಂದ 440ಕ್ಕೆ ಬಂದಿರುತ್ತದೆ. ನಾನು ಮೊದಲ ಸಲ ಇದನ್ನು ನೋಡಿದಾಗ ಎಷ್ಟೋ ಹೊತ್ತು ಆ ಮರದ ತುಂಡನ್ನೇ ಕೈಯಲ್ಲಿ ಹಿಡಿದು ನಿಂತಿದ್ದೆ. ಒಂದು ಕೃತಿಯ 'ಶ್ರುತಿ' ಅಂತ ನಾವು ಅಷ್ಟೊಂದು ಗಟ್ಟಿಯಾಗಿ ನಂಬಿದ್ದು ಇಷ್ಟು ಸಲೀಸಾಗಿ ಸರಿಯುತ್ತದೆ.

ಪಿನಾಕ್ ತಂಡ ನುಡಿಸಿರುವುದು ಈ ಇಳಿದ ಶ್ರುತಿಯಲ್ಲಿ. ಹಾಳೆಯಲ್ಲಿ ಡಿ ಇದೆ, ಬೆರಳು ಡಿ ಮನೆಯನ್ನೇ ಒತ್ತುತ್ತದೆ, ನಿಮ್ಮ ಕಿವಿಗೆ ಬರುವುದು ಇಂದಿನ ಲೆಕ್ಕದ ಸಿ ಶಾರ್ಪ್.

432ರ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. ಬಾಖ್‌ನ ಸಂಗೀತಕ್ಕೂ ಆ ಸಂಖ್ಯೆಗೂ ಸಂಬಂಧವಿಲ್ಲ. ಸೆಕೆಂಡಿಗೆ ಇಷ್ಟು ಕಂಪನ ಎಂದು ಅಳೆದು ವಾದ್ಯಗಳನ್ನು ಶ್ರುತಿ ಮಾಡುವ ಪದ್ಧತಿಯೇ ಅಂದು ಇರಲಿಲ್ಲ. ನಿಮ್ಮ ನೆಂಟರಿಗೆ ಇಳಿದ ಶ್ರುತಿ ಹಿತವಾಗಿ ಕೇಳಿದ್ದರೆ ಅದು ಸಹಜ. ಇಳಿದ ಶ್ರುತಿಯಲ್ಲಿ ತಂತಿಗಳ ಬಿಗಿ ಕಡಿಮೆ, ನಾದ ಸ್ವಲ್ಪ ಮೃದು. ಅದನ್ನು ಇಷ್ಟಪಡಲು ಯಾವ ವಿಶೇಷ ಸಂಖ್ಯೆಯೂ ಬೇಕಿಲ್ಲ.

ಈಗ ದುಃಖದ ಕೀಗೆ ಬರೋಣ. ನಿಮಗೆ ಇದನ್ನು ವಿವರಿಸುವುದು ಸುಲಭ. ಡಿ ಮೈನರ್‌ನಲ್ಲಿ ಸಿ ಶಾರ್ಪ್ ಸೇರಿದಾಗ ಬರುವ ಸ್ವರಗಳು ಎರಡು ಮನೆಯನ್ನು ಷಡ್ಜ ಮಾಡಿಕೊಂಡ ಕೀರವಾಣಿಯ ಸ್ವರಗಳೇ. ಇದನ್ನು ರಾಗ ಅನ್ನಲು ಬರುವುದಿಲ್ಲ, ಗಮಕವಿಲ್ಲ, ಸಂಚಾರವಿಲ್ಲ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಗಾಯಕರು ಒಂದು ಮನೆಯಲ್ಲಿ ಹಾಡಿದರೂ ಐದೂವರೆ ಮನೆಯಲ್ಲಿ ಹಾಡಿದರೂ ಕೀರವಾಣಿ ಕೀರವಾಣಿಯೇ ತಾನೆ? ಕೀರವಾಣಿ ಅಂದ ತಕ್ಷಣ ದುಃಖ, ನಿಧಾನ ಎಂದು ಯಾರಾದರೂ ವೀಣೆ ಎತ್ತಿಕೊಳ್ಳುತ್ತಾರಾ? ಅದರಲ್ಲಿ ಮಧ್ಯಮ ಕಾಲದ ಕೃತಿ ಇದೆ, ತಾನ ನುಡಿಸುತ್ತೀರಿ, ಚುರುಕಾದ ಸ್ವರಪ್ರಸ್ತಾರ ಮಾಡುತ್ತೀರಿ.

ಒಂದೊಂದು ಕೀಗೆ ಒಂದೊಂದು ಭಾವ ಎಂದು ಪಟ್ಟಿ ಮಾಡಿದವರು ಯುರೋಪಿನಲ್ಲಿ ಇದ್ದರು. ನಿಮ್ಮ ಮಗಳ ಟೀಚರ್ ಸುಮ್ಮನೆ ಹೇಳಿದ್ದಲ್ಲ. ಆದರೆ ಆ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ಹ್ಯಾಂಬರ್ಗ್‌ನ ಯೋಹಾನ್ ಮ್ಯಾಥೆಸನ್ 1713ರಲ್ಲಿ ಡಿ ಮೈನರ್ ಬಗ್ಗೆ ಬರೆದ. ಅದರಲ್ಲಿ ಭಕ್ತಿ ಇದೆ, ಶಾಂತಿ ಇದೆ, ಏನೋ ಒಂದು ದೊಡ್ಡತನ ಇದೆ, ಹಿತ ಮತ್ತು ತೃಪ್ತಿ ಇದೆ ಎಂದ. ಅವನು ಬಾಖ್‌ನ ಸಮಕಾಲೀನ. ಸುಮಾರು 70 ವರ್ಷದ ನಂತರ ಶೂಬಾರ್ಟ್ ಎಂಬ ಇನ್ನೊಬ್ಬ ಜರ್ಮನ್ ಬರಹಗಾರ ಅದೇ ಕೀಯಲ್ಲಿ ವಿಷಾದ, ಖಿನ್ನತೆ ಕಂಡ. ದುಃಖದ ಡಿ ಮೈನರ್ ಎಂಬ ಮಾತು ಬಾಖ್ ಹೋದ ಎಷ್ಟೋ ಕಾಲಕ್ಕೆ ಗಟ್ಟಿಯಾದದ್ದು. ಆ ಕನ್ನಡಕ ಹಾಕಿಕೊಂಡು 1730ರ ದಶಕದ ಕಾನ್ಸರ್ಟೊ ನೋಡುವುದು ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ.

ಬಾಖ್ ಸ್ವತಃ ಏನು ಮಾಡಿದ ಎಂದು ನೋಡಿ. ಅವನ ಹಾರ್ಪ್ಸಿಕಾರ್ಡ್ ಕಾನ್ಸರ್ಟೊಗಳು ಬಹುತೇಕ ಹಳೆಯ ಕೃತಿಗಳ ಹೊಸ ರೂಪ. ಪಿಟೀಲಿಗೆ ಬರೆದ ಎ ಮೈನರ್ ಕಾನ್ಸರ್ಟೊವನ್ನು ಹಾರ್ಪ್ಸಿಕಾರ್ಡ್‌ಗೆ ತರುವಾಗ ಜಿ ಮೈನರ್ ಮಾಡಿದ. ಇ ಮೇಜರ್ ಇದ್ದದ್ದು ಡಿ ಮೇಜರ್ ಆಯಿತು. ಎರಡು ಪಿಟೀಲುಗಳ ಡಿ ಮೈನರ್ ಕಾನ್ಸರ್ಟೊ ಸಿ ಮೈನರ್ ಆಯಿತು. ಎಲ್ಲವೂ ಸರಿಯಾಗಿ ಒಂದೊಂದು ಸ್ವರ ಕೆಳಗೆ. ಕಾರಣ ಭಾವ ಅಲ್ಲ. ಪಿಟೀಲು ಮೇಲಿನ ಇ ಸ್ವರಕ್ಕೆ ಹೋಗುತ್ತಿತ್ತು, ಅವನು ಬರೆಯುತ್ತಿದ್ದ ಹಾರ್ಪ್ಸಿಕಾರ್ಡ್‌ನ ಮನೆಗಳು ಮೇಲಿನ ಡಿಗೆ ಮುಗಿಯುತ್ತಿದ್ದವು. ಜಾಗ ಸಾಲದಿದ್ದಾಗ ಕೃತಿಯನ್ನೇ ಕೆಳಗಿಳಿಸಿದ. ಕೀಯಲ್ಲೇ ಜೀವ ಇದೆ ಎಂದು ನಂಬಿದ್ದರೆ ಹೀಗೆ ಮಾಡುತ್ತಿದ್ದನಾ?

ಆದರೆ ಕೀ ಎಂದರೆ ಏನೂ ಅಲ್ಲ ಎಂದೂ ನಾನು ಹೇಳುತ್ತಿಲ್ಲ. ಡಿ ಮೈನರ್ ಇಲ್ಲಿ ನಿಜವಾಗಿ ಒಂದು ಕೆಲಸ ಮಾಡುತ್ತದೆ, ಮತ್ತು ಅದು ನಿಮ್ಮಂಥ ವೀಣೆಯವರಿಗೆ ತಕ್ಷಣ ಅರ್ಥವಾಗುತ್ತದೆ. ಈ ಕಾನ್ಸರ್ಟೊ ಕೂಡ ಮೊದಲು ಪಿಟೀಲಿಗೇ ಬರೆದದ್ದು ಎಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಆ ಮೂಲ ಕಳೆದುಹೋಗಿದೆ. ನಮಗೆ ಸಿಕ್ಕಿರುವುದು ಸುಮಾರು 1738ರಲ್ಲಿ ಬಾಖ್ ತನ್ನ ಕೈಯಾರೆ ಬರೆದ ಹಾರ್ಪ್ಸಿಕಾರ್ಡ್ ರೂಪ, ಬರ್ಲಿನ್ ಗ್ರಂಥಾಲಯದಲ್ಲಿದೆ. ಮೊದಲ ಭಾಗದಲ್ಲಿ ಒಂದೇ ಸ್ವರ ಬಿಡದೆ ಮೊಳಗುತ್ತಾ ಅದರ ಪಕ್ಕ ಬೇರೆ ಸ್ವರಗಳು ಹತ್ತಿ ಇಳಿಯುವ ಜಾಗಗಳಿವೆ. ಮಗಳ ಬೆರಳು ತೊಡರುವುದೂ ಅಲ್ಲೇ ಇರಬೇಕು. ಪಿಟೀಲಿನ ಖಾಲಿ ತಂತಿಗಳು ಜಿ, ಡಿ, ಎ, ಇ. ಒಂದು ಖಾಲಿ ತಂತಿಯನ್ನು ಮೊಳಗಿಸುತ್ತಾ, ಪಕ್ಕದ ತಂತಿಯಲ್ಲಿ ಬೆರಳಿಟ್ಟು ಸ್ವರ ಬದಲಿಸುತ್ತಾ, ಕಮಾನನ್ನು ಎರಡರ ನಡುವೆ ತೂಗಿದರೆ ಈ ಪರಿಣಾಮ ಬರುತ್ತದೆ. ನಿಮ್ಮ ವೀಣೆಯಲ್ಲಿ ಸಾರಣಿಯ ಮೇಲೆ ನುಡಿಸುವಾಗ ತಾಳದ ತಂತಿಗಳು ಪಕ್ಕದಲ್ಲಿ ಮೊಳಗುವುದಿಲ್ಲವಾ, ಆ ಜಾತಿಯ ಸುಖ ಅದು. ಡಿ ಮೈನರ್‌ಗೆ ಮುಖ್ಯವಾದ ಸ್ವರಗಳು ಖಾಲಿ ತಂತಿಗಳಾಗಿಯೇ ಸಿಗುತ್ತವೆ. ಅರ್ಧ ಮನೆ ಪಕ್ಕದ ಕೀಯಲ್ಲಿ ಬರೆದರೆ ಈ ಆಟವೇ ನಿಂತುಹೋಗುತ್ತದೆ.

ಇನ್ನೊಂದು ಸಂಗತಿ ಇದೆ. ಇಂದಿನ ಪಿಯಾನೊದಲ್ಲಿ ಹನ್ನೆರಡು ಸ್ವರಗಳ ನಡುವಿನ ಅಂತರ ಒಂದೇ ಸಮ. ಹಾಗಾಗಿ ಎಲ್ಲ ಮೈನರ್ ಕೀಗಳೂ ಎತ್ತರ ಬಿಟ್ಟರೆ ಒಂದೇ ಥರ. ಬಾಖ್‌ನ ಕಾಲದ ಹಾರ್ಪ್ಸಿಕಾರ್ಡ್‌ನಲ್ಲಿ ಅಂತರಗಳು ಸ್ವಲ್ಪ ಹೆಚ್ಚು ಕಡಿಮೆ ಇರುತ್ತಿದ್ದವು. ಕಡಿಮೆ ಕರಿ ಮನೆ ಬಳಸುವ ಕೀಗಳು ಶುದ್ಧವಾಗಿ, ನೆಮ್ಮದಿಯಾಗಿ ಕೇಳುತ್ತಿದ್ದವು. ದೂರದ ಕೀಗಳಲ್ಲಿ ಸ್ವಲ್ಪ ಒರಟು ಸೇರುತ್ತಿತ್ತು. ಅಂದರೆ ಕೀಗೆ ಬಣ್ಣ ಇತ್ತು. ಆದರೆ ಆ ಲೆಕ್ಕದಲ್ಲೂ ಡಿ ಮೈನರ್ ಸಮಾಧಾನದ ಕಡೆಯದೇ.

ಹಾಗಾದರೆ ಈ ಕೃತಿ ಶುರುವಾದ ಕೂಡಲೇ ಮೈ ಜುಂ ಎನ್ನುವುದು ಯಾವುದರಿಂದ? ಮೊದಲ ಸಾಲುಗಳನ್ನು ಮತ್ತೆ ಕೇಳಿ. ಪಿಟೀಲು, ವಿಯೋಲ, ಚೆಲ್ಲೊ, ಹಾರ್ಪ್ಸಿಕಾರ್ಡ್ ಎಲ್ಲವೂ ಒಂದೇ ಸಾಲನ್ನು ನುಡಿಸುತ್ತಿವೆ. ಯಾರ ಹಿಂದೆಯೂ ಯಾರೂ ಬೇರೆ ಸ್ವರ ತುಂಬುತ್ತಿಲ್ಲ. ಬಾಖ್‌ನಂಥ, ಸ್ವರದ ಮೇಲೆ ಸ್ವರ ಕಟ್ಟುವ ಮನುಷ್ಯ ಎಲ್ಲವನ್ನೂ ಕಿತ್ತುಹಾಕಿ ಒಂದೇ ಗೆರೆ ಬಿಟ್ಟಿದ್ದಾನೆ. ಆ ಗೆರೆ ಕೂಡ ನೇರವಾಗಿಲ್ಲ. ತಾಳದ ಪೆಟ್ಟು ಬೀಳುವ ಕಡೆ ಸ್ವರ ಮೊದಲೇ ಬಂದು ಕೂತಿರುತ್ತದೆ, ಅಲ್ಲಿಂದ ಎಗರಿ ಬೀಳುತ್ತದೆ. ಬಿಗಿ ಬರುವುದು ಅದರಿಂದ. ಒಂದೂವರೆ ಮನೆಯಲ್ಲಿ ನುಡಿಸಿದರೂ ಅದು ಹಾಗೇ ಇರುತ್ತದೆ, ಎರಡು ಮನೆಯಲ್ಲೂ ಹಾಗೇ. ನನ್ನ ಕಿವಿಗೆ ಅದು ಅಳು ಅಲ್ಲ, ಹಠ.

ಇದಕ್ಕೆ ಬಾಖ್‌ನ ಕಡೆಯಿಂದಲೇ ಒಂದು ಆಧಾರ ಇದೆ. ಈ ಕಾನ್ಸರ್ಟೊದ ಮೂರೂ ಭಾಗಗಳನ್ನು ಅವನು ಚರ್ಚಿನ ಕ್ಯಾಂಟಾಟಾಗಳಲ್ಲಿ (ವಾದ್ಯಗಳ ಜೊತೆ ಹಾಡುವ ಕೃತಿಗಳಲ್ಲಿ) ಬಳಸಿದ್ದಾನೆ, ಹಾರ್ಪ್ಸಿಕಾರ್ಡ್ ಬದಲು ಆರ್ಗನ್ ಇಟ್ಟು. ಮೊದಲ ಎರಡು ಭಾಗ 146ನೇ ಕ್ಯಾಂಟಾಟಾದಲ್ಲಿವೆ. ಎರಡನೆಯ ಭಾಗವಾದ, ನಿಧಾನ ಗತಿಯ ಅಡಾಜಿಯೊವನ್ನು ಹಾಗೇ ಉಳಿಸಿಕೊಂಡು ಅದರ ಮೇಲೆ ನಾಲ್ಕು ಧ್ವನಿಗಳ ಗಾಯನ ಕೂರಿಸಿದ್ದಾನೆ. ಬಹಳ ಕಷ್ಟಗಳ ಮೂಲಕವೇ ನಾವು ದೇವರ ರಾಜ್ಯ ಸೇರಬೇಕು ಎಂಬುದು ಅದರ ಮಾತು. ಮೂರನೆಯ ಭಾಗ, ಅದೂ ಡಿ ಮೈನರ್, 188ನೇ ಕ್ಯಾಂಟಾಟಾದ ಆರಂಭಕ್ಕೆ ಬಂದಿದೆ. ಆ ಕ್ಯಾಂಟಾಟಾದ ಮೊದಲ ಮಾತು ನಂಬಿಕೆಯನ್ನು ಕುರಿತದ್ದು: ನಾನು ನನ್ನ ಭರವಸೆಯನ್ನು ದೇವರಲ್ಲಿ ಇಟ್ಟಿದ್ದೇನೆ. ಒಂದೇ ಕೃತಿ, ಒಂದು ಕಡೆ ಕಷ್ಟದ ದಾರಿ, ಇನ್ನೊಂದು ಕಡೆ ಭರವಸೆ. ಮಗಳಿಗೆ 'ದುಃಖ' ಎಂಬ ಒಂದೇ ಪದ ಕೊಟ್ಟು ಇದನ್ನು ಕಲಿಸಿದರೆ ಅವಳಿಗೆ ಬಹಳ ಕಡಿಮೆ ಕೊಟ್ಟಂತಾಗುತ್ತದೆ.

ಇನ್ನು ವೇಗ. ಬಾಖ್ ಎಲ್ಲೂ ಸಂಖ್ಯೆ ಬರೆದಿಲ್ಲ. ಟಿಕ್ ಟಿಕ್ ಎಂದು ವೇಗ ತೋರಿಸುವ ಯಂತ್ರ, ಮೆಟ್ರೊನೋಮ್, ಬಂದದ್ದೇ 1815ರ ಹೊತ್ತಿಗೆ. ಮೊದಲ ಭಾಗಕ್ಕೆ ನಾವು ಹೇಳುವ ಹೆಸರು ಅಲೆಗ್ರೊ, ಇಟಾಲಿಯನ್‌ನಲ್ಲಿ ಅದರ ಅರ್ಥವೇ ಉಲ್ಲಾಸ. ಬಾಖ್ ತೀರಿಕೊಂಡ ಮೇಲೆ ಅವನ ಮಗ ಕಾರ್ಲ್ ಫಿಲಿಪ್ ಇಮ್ಯಾನುಯೆಲ್ ಮತ್ತು ಶಿಷ್ಯ ಅಗ್ರಿಕೊಲ ಸೇರಿ ಬರೆದ ಸ್ಮರಣೆ 1754ರಲ್ಲಿ ಅಚ್ಚಾಯಿತು. ಅವನು ಸಾಮಾನ್ಯವಾಗಿ ಬಹಳ ಚುರುಕಾದ ವೇಗ ಹಿಡಿಯುತ್ತಿದ್ದ, ಹಿಡಿದ ವೇಗ ಅಲ್ಲಾಡುತ್ತಿರಲಿಲ್ಲ ಎಂದು ಅದರಲ್ಲಿ ಹೇಳಿದ್ದಾರೆ. ಈ ಎರಡನೆಯ ಮಾತನ್ನು ದಯವಿಟ್ಟು ಗಮನಿಸಿ. ನಿಮ್ಮ ಸಂಗೀತದಲ್ಲಿ ಕಾಲಪ್ರಮಾಣ ಗಟ್ಟಿ ಇದೆ ಎಂದು ಯಾರನ್ನಾದರೂ ಹೊಗಳುತ್ತೀರಲ್ಲ, ಅದೇ ಗುಣ. ಬರ್ಲಿನ್ ಆಸ್ಥಾನದ ಕೊಳಲುವಾದಕ ಕ್ವಾಂಟ್ಸ್ 1752ರ ತನ್ನ ಪುಸ್ತಕದಲ್ಲಿ ಮನುಷ್ಯನ ನಾಡಿಯನ್ನು, ನಿಮಿಷಕ್ಕೆ ಸುಮಾರು 80 ಮಿಡಿತ, ಅಳತೆಗೋಲು ಮಾಡಿಕೊಳ್ಳಿ ಎಂದ. ಎಲ್ಲ ಕೃತಿಗಳನ್ನೂ ಅದಕ್ಕೇ ಕಟ್ಟಿಹಾಕಿ ಎಂದಲ್ಲ, ಅಂದಾಜು ಸಿಗಲಿ ಅಂತ.

ಗೂಲ್ಡ್ ರೆಕಾರ್ಡ್ ಭಾರ, ಪಿನಾಕ್ ರೆಕಾರ್ಡ್ ಹಗುರ ಅನ್ನಿಸಲು ಬರೀ ವೇಗ ಕಾರಣ ಅಲ್ಲ. ಹಾರ್ಪ್ಸಿಕಾರ್ಡ್ ಮೀಟುವ ವಾದ್ಯ, ಪಿಯಾನೊ ಸುತ್ತಿಗೆಯಿಂದ ಬಡಿಯುವ ವಾದ್ಯ. ಹಾರ್ಪ್ಸಿಕಾರ್ಡ್‌ನಲ್ಲಿ ಮನೆ ಒತ್ತಿದರೆ ಒಂದು ಸಣ್ಣ ಗರಿಯ ಮೊನೆ ತಂತಿಯನ್ನು ಮೀಟಿ ಮೇಲೆ ಹೋಗುತ್ತದೆ. ಮೊದಲು ಹಕ್ಕಿಯ ಗರಿ ಇರುತ್ತಿತ್ತು, ಈಗ ಹೆಚ್ಚಾಗಿ ಪ್ಲಾಸ್ಟಿಕ್. ಎಷ್ಟು ಜೋರಾಗಿ ಒತ್ತಿದರೂ ಧ್ವನಿ ಅಷ್ಟೇ. ನಾದ ಬೇಗ ಕರಗುತ್ತದೆ. ಚೌಕ ಕಾಲದ ಕೃತಿಯಲ್ಲಿ ದೀರ್ಘ ಸ್ವರ ಬಂದಾಗ ವೀಣೆಯಲ್ಲಿ ನಡುವೆ ಮತ್ತೆ ಮೀಟುತ್ತೀರಿ ಅಲ್ವಾ? ಇಲ್ಲಿಯೂ ಅದೇ ಕಷ್ಟ. ಹಾಗಾಗಿ ಹಾರ್ಪ್ಸಿಕಾರ್ಡ್‌ನವರು ವೇಗ ತುಂಬಾ ಇಳಿಸಲಾರರು, ಉದ್ದ ಸ್ವರಗಳನ್ನು ಅಲಂಕಾರದಿಂದ ತುಂಬುತ್ತಾರೆ. ಪಿಯಾನೊಗೆ ಆ ಒತ್ತಡ ಇಲ್ಲ. ಅದರ ಕೆಳಗಿನ ಸ್ವರಗಳು ದಪ್ಪ, ನಾದ ಹೆಚ್ಚು ಹೊತ್ತು ನಿಲ್ಲುತ್ತದೆ. ಬರ್ನ್‌ಸ್ಟೈನ್ ಕೈಯಲ್ಲಿದ್ದದ್ದು ಇಂದಿನ ಆರ್ಕೆಸ್ಟ್ರಾದ ತುಂಬು ನಾದ. ಪಿನಾಕ್ ಜೊತೆ ಇರುವುದು ಸಣ್ಣ ತಂಡ, ಪಿಟೀಲುಗಳಿಗೆ ಲೋಹದ ಬದಲು ಪ್ರಾಣಿಯ ಕರುಳಿನ ತಂತಿ, ಹಳೆಯ ಮಾದರಿಯ ಹಗುರ ಕಮಾನು. ಮೆಟ್ರೊನೋಮ್ ಇಟ್ಟು ಒಂದೇ ವೇಗದಲ್ಲಿ ಎರಡೂ ತಂಡ ನುಡಿಸಿದರೂ ಒಂದು ಓಡಿದಂತೆ, ಇನ್ನೊಂದು ನಡೆದಂತೆ ಕೇಳುತ್ತದೆ.

ನುಡಿಸಿದ ಜಾಗವನ್ನೂ ಮರೆಯಬಾರದು. ಬಾಖ್ 1729ರಿಂದ ಲೈಪ್‌ಜಿಗ್‌ನಲ್ಲಿ ವಿದ್ಯಾರ್ಥಿಗಳ ಒಂದು ಸಂಗೀತ ತಂಡ ನಡೆಸುತ್ತಿದ್ದ. ಅವರು ನುಡಿಸುತ್ತಿದ್ದದ್ದು ತ್ಸಿಮ್ಮರ್‌ಮನ್ ಎಂಬವನ ಕಾಫಿ ಮನೆಯಲ್ಲಿ. ಚಳಿಗಾಲದಲ್ಲಿ ಶುಕ್ರವಾರ ರಾತ್ರಿ ಒಳಗೆ, ಬೇಸಿಗೆಯಲ್ಲಿ ಬುಧವಾರ ಸಂಜೆ ತೋಟದಲ್ಲಿ. ಈ ಹಾರ್ಪ್ಸಿಕಾರ್ಡ್ ಕಾನ್ಸರ್ಟೊಗಳು ಅಲ್ಲಿನ ಕಚೇರಿಗಳಿಗೇ ಸಿದ್ಧವಾಗಿರಬೇಕು. ಜನ ತುಂಬಿದ ಕೋಣೆಯಲ್ಲಿ ನಾದ ಸುತ್ತಾಡುವುದಿಲ್ಲ, ವೇಗ ತಡೆಯುತ್ತದೆ. ಅದೇ ಸಂಗೀತ ಎತ್ತರದ ಕಲ್ಲಿನ ಚರ್ಚಿನಲ್ಲಿ ಆರ್ಗನ್ ಮೇಲೆ ಬಂದಾಗ ಅಷ್ಟು ಓಡಿಸಿದರೆ ಸ್ವರದ ಮೇಲೆ ಸ್ವರ ಬಿದ್ದು ಗೋಜಲಾಗುತ್ತದೆ. ಬಾಖ್ ಕೂಡ ಎರಡೂ ಕಡೆ ಒಂದೇ ವೇಗ ಇಟ್ಟಿರಲಾರ ಎಂದು ನಾನು ನಂಬುತ್ತೇನೆ.

ಈಗ ಮಗಳ ವಿಷಯ.

ಪಿಯಾನೊವನ್ನು 415ಕ್ಕೋ 432ಕ್ಕೋ ಇಳಿಸಿ ಶ್ರುತಿ ಮಾಡಿಸುವ ಯೋಚನೆ ಬಿಟ್ಟುಬಿಡಿ. ಇದನ್ನು ಪಿಯಾನೊ ಕೆಲಸದವನಾಗಿ ಹೇಳುತ್ತಿದ್ದೇನೆ. ಶ್ರುತಿ ನೂರಕ್ಕೆ ಆರು ಇಳಿದರೆ ತಂತಿಯ ಬಿಗಿ ನೂರಕ್ಕೆ ಹನ್ನೊಂದರಷ್ಟು ಇಳಿಯುತ್ತದೆ. 200ಕ್ಕೂ ಹೆಚ್ಚು ತಂತಿಗಳ ಸೆಳೆತಕ್ಕೆ ಹೊಂದಿಕೊಂಡು ಕೂತ ಮರ ಅದು. ಇಳಿಸಿದ ಮೇಲೆ ವಾರಗಟ್ಟಲೆ ಶ್ರುತಿ ನಿಲ್ಲುವುದಿಲ್ಲ. ಮತ್ತೆ ಏರಿಸುವಾಗ ಹಳೆಯ ತಂತಿಗಳು ತುಂಡಾಗುವುದುಂಟು. ಒಮ್ಮೆ ಹೀಗೆ ಇಳಿಸಿದ್ದ ಪಿಯಾನೊವನ್ನು ಸರಿಮಾಡಲು ನನಗೆ ಮೂರು ಸಲ ಹೋಗಬೇಕಾಯಿತು. ಮೊದಲ ದಿನವೇ ಎರಡು ತಂತಿ ಹೋದವು. ನಿಮ್ಮ ಹಣವೂ ವಾದ್ಯವೂ ಹಾಳು.

ಪಿನಾಕ್ ರೆಕಾರ್ಡ್ ಜೊತೆ ನುಡಿಸಿ ನೋಡುವ ಆಸೆ ಅವಳಿಗಿದ್ದರೆ ಡಿಜಿಟಲ್ ಪಿಯಾನೊ ಸಾಕು. ಬಹುತೇಕ ಎಲ್ಲದರಲ್ಲೂ ಶ್ರುತಿಯನ್ನು ಅರ್ಧ ಮನೆ ಇಳಿಸುವ ಟ್ರಾನ್ಸ್‌ಪೋಸ್ ಇರುತ್ತದೆ, ಹಾರ್ಪ್ಸಿಕಾರ್ಡ್ ನಾದವೂ ಇರುತ್ತದೆ. ಒಂದು ಎಚ್ಚರಿಕೆ ಮಾತ್ರ. ಕೆಲವು ಮಕ್ಕಳಿಗೆ ಸ್ವರ ಕೇಳಿದ ಕೂಡಲೇ ಅದರ ಹೆಸರು ಗೊತ್ತಾಗುತ್ತದೆ. ನಿಮ್ಮ ಮಗಳು ಆ ಥರದವಳಾದರೆ ಬೆರಳು ಡಿ ಒತ್ತಿ ಕಿವಿಗೆ ಸಿ ಶಾರ್ಪ್ ಬಂದಾಗ ತಲೆ ಕೆಡುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಹೀಗೆ ಹತ್ತು ನಿಮಿಷಕ್ಕೇ ಅಳುತ್ತಾ ಎದ್ದಿದ್ದಳು. ಅಂಥವರಿಗೆ ಒತ್ತಾಯ ಬೇಡ. ಕಾರ್ಯಕ್ರಮದ ಹಿಂದಿನ ವಾರವಂತೂ ಯಾರಿಗೂ ಬೇಡ.

ಮೊಬೈಲಿನಲ್ಲಿ ರೆಕಾರ್ಡಿಂಗನ್ನು ನಿಧಾನ ಮಾಡಿ ಅದರ ಜೊತೆ ಅಭ್ಯಾಸ ಮಾಡುವವರೂ ಇದ್ದಾರೆ. ಶ್ರುತಿ ಕೆಡದೆ ವೇಗ ಇಳಿಯುತ್ತದೆ, ಅನುಕೂಲವೇನೋ ಹೌದು. ಆದರೆ ತುಂಬಾ ಇಳಿಸಿದರೆ ಪ್ರತಿ ಸ್ವರದ ಆರಂಭ ಹಿಟ್ಟು ಹಿಟ್ಟಾಗುತ್ತದೆ. ಮಕ್ಕಳು ಆ ಮೊಂಡು ನುಡಿಕೆಯನ್ನೇ ಬೆರಳಿಗೆ ಹತ್ತಿಸಿಕೊಳ್ಳುತ್ತಾರೆ. ನಿಧಾನದ ಅಭ್ಯಾಸಕ್ಕೆ ಮೆಟ್ರೊನೋಮ್ ಸಾಕು.

ವೇಗವನ್ನು ಅವಳು ಹೀಗೆ ಹುಡುಕಲಿ. ಮೊದಲ ಸಾಲನ್ನು ಹಾಡಲಿ, ನುಡಿಸುವುದು ಬೇಡ. ಉಸಿರು ಸಾಲದೆ ಎಳೆಯಿತು ಅನ್ನಿಸಿದರೆ ಅದು ಅತಿ ನಿಧಾನ. ಆಮೇಲೆ ಅತಿ ಕಷ್ಟದ ಜಾಗಕ್ಕೆ, ಆ ಖಾಲಿ ತಂತಿಯ ಜಾಗಕ್ಕೆ, ಹೋಗಿ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳುವ ವೇಗ ಯಾವುದು ನೋಡಲಿ. ಅದಕ್ಕಿಂತ ಜಾಸ್ತಿ ಬೇಡ. ಈ ಎರಡರ ನಡುವೆ ಅವಳ ವೇಗ ಇರುತ್ತದೆ. ನನ್ನ ಅನುಭವದಲ್ಲಿ ಆ ವಯಸ್ಸಿನವರಿಗೆ ಅದು ಕ್ರೋಚೆಟ್‌ಗೆ (ಒಂದು ಪೆಟ್ಟಿನ ಸ್ವರಕ್ಕೆ) ನಿಮಿಷಕ್ಕೆ 84ರಿಂದ 96ರ ಒಳಗೆ ಬರುತ್ತದೆ. 60ರಿಂದ ಅಭ್ಯಾಸ ಶುರು ಮಾಡಿ, ವಾರಕ್ಕೆ ನಾಲ್ಕು ಅಂಕಿ ಏರಿಸಿದರೆ ಸಾಕು. ಪಿನಾಕ್ ವೇಗವನ್ನು ಪಿಯಾನೊದ ಮೇಲೆ ನಕಲು ಮಾಡಿದರೆ ಕೆಳಗಿನ ಸ್ವರಗಳು ಕಲೆಸಿಹೋಗುತ್ತವೆ. ಗೂಲ್ಡ್ ಅವರ ನುಡಿಕೆಯನ್ನು ನಕಲು ಮಾಡುವ ಅಪಾಯ ಬೇರೆ. ಅವರು ಸ್ವರಗಳನ್ನು ಬಿಡಿಸಿ ನುಡಿಸುವ ರೀತಿ ಅವರ ಬೆರಳಿಗೆ ಮಾತ್ರ ಒಪ್ಪುವಂಥದ್ದು. ಮಕ್ಕಳ ಕೈಯಲ್ಲಿ ಅದು ಕುಟ್ಟಿದ ಹಾಗಾಗುತ್ತದೆ.

ಟೀಚರ್ ಹತ್ತಿರ ವಾದಕ್ಕೆ ಹೋಗಬೇಡಿ. ನಿಧಾನ ನುಡಿಸು ಎಂದು ಅವರು ಹೇಳಿದ್ದು ಕೀ ನೋಡಿ ಅಲ್ಲ, ಬೆರಳು ನೋಡಿಯೂ ಇರಬಹುದು. 14 ವರ್ಷದ ಮಗುವಿಗೆ ಆ ಸಲಹೆ ಸರಿಯೇ. ಅವರು ಒಪ್ಪಿದರೆ ಒಂದು ದಿನ ಎರಡೂ ರೆಕಾರ್ಡ್ ಅವರಲ್ಲಿಗೆ ತೆಗೆದುಕೊಂಡು ಹೋಗಿ, ಮೂವರೂ ಕೂತು ಅಡಾಜಿಯೊ ಮಾತ್ರ ಕೇಳಿ. ಅದೂ ಮೊದಲ ಭಾಗದ ಹಾಗೆ ಎಲ್ಲರೂ ಒಂದೇ ಸಾಲು ನುಡಿಸುತ್ತಾ ಶುರುವಾಗುತ್ತದೆ. ಆ ಸಾಲು ಕೆಳಗಿನ ಸ್ವರಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಮೇಲೆ ಬಲಗೈ ಹಾಡುತ್ತಾ ಹೋಗುತ್ತದೆ. ಅದನ್ನು ಕೇಳಿದ ಕೈಯಲ್ಲೇ ಮಗಳು ಎದ್ದು ಹೋಗಿ ಮೊದಲ ಭಾಗದ ಆರಂಭ ಒಮ್ಮೆ ನುಡಿಸಲಿ. ಮೆಟ್ರೊನೋಮ್ ಹಾಕಬೇಡಿ. ಅವಳು ತಾನಾಗಿ ಹಿಡಿದ ವೇಗ ಎಷ್ಟು ಎಂದು ಟೀಚರ್ ಬರೆದುಕೊಳ್ಳಲಿ.